ಕೆಸರಿನಲ್ಲಿ ಮೂಡಿದ ಟೈರಿನ ಅಚ್ಚು

ಭಾನುವಾರ, ಸೆಪ್ಟೆಂಬರ್ 22, 2024
ದಾವಣಗೆರೆ

ಅಕ್ಕನ ಮಗಳು ನಿನ್ನೆ ಸಂಜೆ ಹರಿಹರದಿಂದ ಬಂದಿದ್ದಾಳೆ. ಫಸ್ಟ್ ಪಿಯುಸಿ, ಸೈನ್ಸ್. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಕೈ ತೊಳೆದವಳೇ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ಲೆಕ್ಕ. ಎರಡು ಪುಟದ ತುಂಬ ಬಲ ತೋರಿಸುವ ಬಾಣಗಳು. ಘರ್ಷಣೆ ಎಷ್ಟು ಅಂತ ತಿಳಿಯದೆ ಅಲ್ಲಿಗೇ ಕೈಬಿಟ್ಟಿದ್ದಳು.

"ಎನರ್ಜಿ ಹಿಡಿದು ಮಾಡು, ನಾಲ್ಕೇ ಸಾಲು" ಅಂದೆ.

"ಮಾಮ, ಘರ್ಷಣೆ ಐತಲ್ಲ! ಘರ್ಷಣೆ ಇದ್ರೆ ಶಕ್ತಿ ಕಳೀತೈತಿ ಅಂತ ನೀವೇ ಹೇಳಿದ್ರಿ. ಮತ್ತೆ ಇಲ್ಲಿ ಹೆಂಗೆ ಉಳಿತೈತಿ?"

ನನಗೆ ತುಂಬಾ ಖುಷಿಯಾಯ್ತು. ಹದಿನೈದು ವರ್ಷದಿಂದ ಪಿಯು ಮಕ್ಕಳಿಗೆ ಪಾಠ ಮಾಡ್ತಿದ್ದೀನಿ. ಈ ಪ್ರಶ್ನೆ ಕೇಳದೆ ಸೂತ್ರ ಬರೆದು ಮುಂದೆ ಹೋಗುವವರೇ ಜಾಸ್ತಿ. ಇಡೀ ಪಾಠದ ಕೀಲಿ ಇರೋದು ಈ ಪ್ರಶ್ನೆಯಲ್ಲೇ.

ರಾತ್ರಿ ಮಳೆ ಬಂದಿತ್ತು. ಗೇಟಿನ ಮುಂದೆ ಹದವಾದ ಕೆಸರು. ಅವಳನ್ನು ಕರೆದುಕೊಂಡು ಹೋಗಿ ಸ್ಕೂಟರನ್ನು ಮೆಲ್ಲಗೆ ತಳ್ಳಿದೆ. ಟೈರಿನ ಒಂದೊಂದು ಗೀರೂ ಕೆಸರಿನಲ್ಲಿ ಅಚ್ಚು ಒತ್ತಿದ ಹಾಗೆ ಮೂಡಿತು. ಆಮೇಲೆ ಬ್ರೇಕ್ ಬಿಗಿಯಾಗಿ ಹಿಡಿದು ತಳ್ಳಿದೆ. ಈಗ ಗೀರು ಯಾವುದೂ ಇಲ್ಲ, ಉದ್ದಕ್ಕೆ ಒರೆಸಿದಂಥ ಒಂದು ಪಟ್ಟೆ, ಅಷ್ಟೇ.

ಅವಳು ಬಗ್ಗಿ ಎರಡನ್ನೂ ಬಹಳ ಹೊತ್ತು ನೋಡಿದಳು. "ಮೊದಲನೇದ್ರಲ್ಲಿ ಟೈರು ಉಜ್ಜೇ ಇಲ್ಲ, ಅಲ್ವಾ?"

ಹೌದು, ಉಜ್ಜಿಲ್ಲ. ಗಾಡಿ ಮುಂದೆ ಹೋಗ್ತಾ ಇದ್ದರೂ ಟೈರು ನೆಲ ಮುಟ್ಟಿದ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತೆ. ಅದಕ್ಕೇ ಅಚ್ಚು ಅಷ್ಟು ಸ್ವಚ್ಛ. ಘರ್ಷಣೆ ಅಲ್ಲಿ ಹಿಡಿದುಕೊಂಡಿರುತ್ತೆ, ಆದರೆ ಹಿಡಿದ ಜಾಗ ಜಾರೋದಿಲ್ಲ. ಜಾರದಿದ್ದರೆ ಕೆಲಸವೂ ಸೊನ್ನೆ, ಶಕ್ತಿಯೂ ಕಳೆಯೋದಿಲ್ಲ. ಇಳಿಜಾರಿನಲ್ಲಿ ಉರುಳುವ ವಸ್ತುವನ್ನು ತಿರುಗಿಸೋದು ಇದೇ ಘರ್ಷಣೆ. ಎತ್ತರದಿಂದ ಬಂದ ಶಕ್ತಿಯನ್ನು, ಅಂದರೆ ಎಂಜಿಎಚ್ ಅನ್ನು (ದ್ರವ್ಯರಾಶಿ, ಗುರುತ್ವ, ಎತ್ತರ ಮೂರರ ಗುಣಲಬ್ಧ), ಎರಡು ಪಾಲು ಮಾಡಿಸುತ್ತೆ: ಮುಂದೆ ಹೋಗೋಕೆ ಒಂದು, ತಿರುಗೋಕೆ ಒಂದು. ಒಟ್ಟು ಮೊತ್ತ ಮುಟ್ಟೋದಿಲ್ಲ.

ಒಳಗೆ ಬಂದು 120 ಸೆಂಟಿಮೀಟರ್ ಉದ್ದದ ಹಲಗೆ ತೆಗೆದೆವು. ಒಂದು ತುದಿಗೆ ಪುಸ್ತಕ ಕೊಟ್ಟು 10 ಸೆಂಟಿಮೀಟರ್ ಎತ್ತರಿಸಿದೆವು. ಗೆಲಿಲಿಯೋ ಕಂಚಿನ ಗುಂಡು ಉರುಳಿಸಿದ್ದೂ ಇಂಥ ಇಳಿಜಾರಿನ ಮೇಲೇ. ನಮ್ಮ ಹತ್ತಿರ ಇದ್ದದ್ದು ಗಾಜಿನ ಗೋಲಿ, ಟಾರ್ಚಿನ ಸೆಲ್ಲು, ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡು. ಪೈಪು ಸಾಕಷ್ಟು ತೆಳು, ಉಂಗುರದ ಲೆಕ್ಕಕ್ಕೆ ಹತ್ತಿರ.

ಬಿಡೋ ಮುಂಚೆ ಲೆಕ್ಕ ಬರೆಸಿದೆ. ಎಂಜಿಎಚ್ ಈಕ್ವಲ್ಸ್ ಅರ್ಧ ಎಂವಿ ಸ್ಕ್ವೇರ್ ಪ್ಲಸ್ ಅರ್ಧ ಐ ಒಮೇಗ ಸ್ಕ್ವೇರ್. ವಿ ಮುಂದೆ ಹೋಗೋ ವೇಗ, ಒಮೇಗ ತಿರುಗೋ ವೇಗ, ಐ ಅಂದರೆ ತಿರುಗೋಕೆ ವಸ್ತು ತೋರಿಸೋ ಜಡತ್ವ, ಆರ್ ತ್ರಿಜ್ಯ. ಜಾರದೆ ಉರುಳುವುದರಿಂದ ವಿ ಅಂದರೆ ಆರ್ ಒಮೇಗ. ಅದನ್ನು ಹಾಕಿದ ಕೂಡಲೇ ದ್ರವ್ಯರಾಶಿ, ತ್ರಿಜ್ಯ ಎರಡೂ ಹೊಡೆದುಹೋದವು. ಅವಳು ಪೆನ್ನು ನಿಲ್ಲಿಸಿ ಎರಡು ಸಲ ನೋಡಿದಳು. ಹಾಗಾದ್ರೆ ದೊಡ್ಡ ಗೋಲಿ, ಸಣ್ಣ ಗೋಲಿ ಒಂದೇ ಸಲಕ್ಕೆ ಬರಬೇಕಲ್ಲ ಅಂದಳು. ಬಿಟ್ಟು ನೋಡಿದೆವು, ಜೊತೆಗೇ ಬಂದವು.

ಉಳಿಯೋದು ಆಕಾರ ಮಾತ್ರ. ಗೋಲಿ ತಿರುಗೋಕೆ ಕೊಡೋದು ಶಕ್ತಿಯ 7ರಲ್ಲಿ 2 ಪಾಲು. ಘನ ಸಿಲಿಂಡರ್ 3ರಲ್ಲಿ 1. ತೆಳು ಉಂಗುರ ಸರಿಯಾಗಿ ಅರ್ಧ. ನಮ್ಮ ಹಲಗೆಯ ಕೊನೆಯಲ್ಲಿ ವೇಗ ಸೆಕೆಂಡಿಗೆ ಕ್ರಮವಾಗಿ 1.18, 1.14, 0.99 ಮೀಟರ್. ಹೊತ್ತು ಲೆಕ್ಕ ಹಾಕಿದರೆ 2.03, 2.10, 2.42 ಸೆಕೆಂಡ್. ಪೈಪು ಹಿಂದೆ ಬಿದ್ದದ್ದು ಬರಿಗಣ್ಣಿಗೇ ಕಂಡಿತು. ಗೋಲಿ, ಸೆಲ್ಲಿನ ನಡುವಿನ ಚೂರು ವ್ಯತ್ಯಾಸ ನೋಡೋಕೆ ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಬೇಕಾಯ್ತು. ಗೋಲಿಯೇ ಮುಂದೆ.

ಅಷ್ಟರಲ್ಲಿ ಅವಳೇ ಅಡುಗೆಮನೆಯಿಂದ ಅರ್ಧ ಖಾಲಿಯಾದ ಜೇನುತುಪ್ಪದ ಬಾಟಲಿ ತಂದಳು. ಉರುಳಿಸಿದರೆ ತಡೆದು ತಡೆದು ತೆವಳಿತು! ಪೈಪಿಗಿಂತಲೂ ಎಷ್ಟೋ ನಿಧಾನ. ಇಲ್ಲಿ ಜಾರುವ ಘರ್ಷಣೆ ಹಲಗೆಯಲ್ಲಿಲ್ಲ, ಬಾಟಲಿಯ ಒಳಗಿದೆ. ಜೇನಿನ ಪದರ ಪದರಕ್ಕೆ ಉಜ್ಜಿ ಶಕ್ತಿ ಬಿಸಿಯಾಗಿ ಹೋಗುತ್ತೆ. ನಮ್ಮ ಎರಡು ಪಾಲಿನ ಲೆಕ್ಕ ಇದಕ್ಕೆ ಹೊಂದೋದಿಲ್ಲ. ಸೂತ್ರ ಎಲ್ಲಿ ನಡೆಯೋದಿಲ್ಲ ಅಂತ ಇವಳು ತಾನಾಗಿಯೇ ಹುಡುಕಿಕೊಂಡಳಲ್ಲ, ಅದು ನನಗೆ ಇವತ್ತಿನ ದೊಡ್ಡ ಸಂತೋಷ.

ಊಟ ಆದ ಮೇಲೆ ಇನ್ನೊಂದು ಲೆಕ್ಕ ಕೊಟ್ಟೆ. ಘನ ಸಿಲಿಂಡರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಉರುಳುತ್ತಾ 30 ಡಿಗ್ರಿಯ ಏರು ಹತ್ತಿದರೆ ಎಷ್ಟು ದೂರ ಹೋಗುತ್ತೆ? ಬಾಣ ಒಂದೂ ಬರೆಯಲಿಲ್ಲ. ಕೆಳಗಿನ ಶಕ್ತಿ, ಮೇಲಿನ ಶಕ್ತಿ, ನಡುವೆ ಸಮ ಚಿಹ್ನೆ. ಎತ್ತರ 1.91 ಮೀಟರ್, ಏರಿನ ಉದ್ದಕ್ಕೆ 3.8 ಮೀಟರ್.

ಸಂಜೆ ಬಸ್ ಸ್ಟ್ಯಾಂಡಿಗೆ ಹೊರಟಾಗ ಗೇಟಿನ ಹತ್ತಿರ ನಿಂತಳು. ಬೆಳಗಿನ ಅಚ್ಚು ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಕಾಲಿಡದೆ ದಾಟಿದಳು.