ದೂರ ಬಿಡಿ, ಎತ್ತರ ನೋಡಿ: ಪೆರುವಿನ ಬೆಟ್ಟದಾರಿಯಲ್ಲಿ

ಪೆರುವಿಗೆ ಹೊರಟವರು ನಕ್ಷೆ ಹರಡಿಕೊಂಡು ಊರಿಂದೂರಿಗೆ ಗೆರೆ ಎಳೆಯಲು ಶುರುಮಾಡುತ್ತಾರೆ. ಲಿಮಾದಲ್ಲಿ ಇಳಿಯುವುದು, ಮರುದಿನ ವಿಮಾನದಲ್ಲಿ ಕುಸ್ಕೋ, ಅದರ ಮರುದಿನ ಐದು ಸಾವಿರ ಮೀಟರ್ ಎತ್ತರದ ಬಣ್ಣದ ಬೆಟ್ಟ ವಿನಿಕುಂಕಾ, ಆಮೇಲೆ ಮಾಚು ಪಿಚು. ದೂರದ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಲಿಮಾ ಇರುವುದು ಕಡಲ ದಂಡೆಯಲ್ಲಿ, ಕುಸ್ಕೋ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಬೆಟ್ಟದ ತುದಿಯ ಊರೆಂದು ಹೆಸರಾದ ಮಾಚು ಪಿಚುವೇ ಅದಕ್ಕಿಂತ ಐನೂರು ಮೀಟರ್ ಮೇಲಿದೆ, ಕುಸ್ಕೋ ಅದಕ್ಕೂ ಸಾವಿರ ಮೀಟರ್ ಮೇಲೆ. ಕುಮಾರ ಪರ್ವತವನ್ನು ಒಂದೇ ಉಸಿರಿಗೆ ಏರಿದೆನೆಂದು ಹೇಳಿಕೊಳ್ಳುವವರು ಕುಸ್ಕೋದ ಹೋಟೆಲಿನ ಎರಡನೇ ಮಹಡಿಗೆ ಹತ್ತುವಾಗ ಅಲ್ಲಿಯ ತೆಳುಗಾಳಿಗೆ ಉಸಿರು ಸಾಲದೆ ಗೋಡೆ ಹಿಡಿದು ನಿಲ್ಲುತ್ತಾರೆ.

ಹಾಗಾಗಿ ನಮ್ಮ ಯೋಜನೆಯಲ್ಲಿ ಊರಿನ ಹೆಸರಿನ ಪಕ್ಕ ಕಿಲೋಮೀಟರ್ ಬರೆಯಲಿಲ್ಲ, ಮಲಗುವ ಜಾಗದ ಎತ್ತರ ಬರೆದೆವು. ನಾವು ಎಂದರೆ ನಾನು ಮತ್ತು ನನ್ನ ಭಾವ. ಅವರು ಹಾಸನದ ಬಳಿ ಆಲೂಗಡ್ಡೆ ಬೆಳೆಯುವವರು. ಬೆಟ್ಟ ಹತ್ತುವ ಹುಚ್ಚು ನನ್ನದು. ಅವರು ಜೊತೆಗೆ ಬರಲು ಒಪ್ಪಿದ್ದಕ್ಕೆ ಕಾರಣ ಬೇರೆ. "ಆಲೂಗಡ್ಡೆ ಹುಟ್ಟಿದ ನಾಡಂತೆ, ಹೊಲ ತೋರಿಸುವುದಾದರೆ ಬರುತ್ತೇನೆ. ಬರೀ ಕಲ್ಲು, ಹಿಮ ತೋರಿಸುವುದಾದರೆ ನೀನೊಬ್ಬನೇ ಹೋಗು" ಎಂದು ಮೊದಲೇ ಷರತ್ತು ಹಾಕಿದ್ದರು.

ತಿಂಗಳನ್ನು ನಿರ್ಧರಿಸಿದ್ದೂ ಆಲೂಗಡ್ಡೆಯೇ. ಆಂಡಿಸ್‌ನಲ್ಲಿ ಚಾರಣಕ್ಕೆ ಸರಿಯಾದ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್; ಆಗ ಮಳೆ ಇರುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ದಾರಿಗಳು ಕೆಸರು, ಫೆಬ್ರುವರಿಯಲ್ಲಂತೂ ಮಾಚು ಪಿಚುವಿಗೆ ನಡೆದು ಹೋಗುವ ಪ್ರಸಿದ್ಧ ಇಂಕಾ ಹಾದಿಯನ್ನು ದುರಸ್ತಿಗಾಗಿ ಮುಚ್ಚಿಬಿಡುತ್ತಾರೆ. ಆದರೆ ಹಾಸನದಲ್ಲಿ ಮೇ, ಜೂನ್ ಬಿತ್ತನೆಯ ಹೊತ್ತು. ಜಲಂಧರಿನಿಂದ ಬರುವ ಬಿತ್ತನೆ ಗಡ್ಡೆಗೆ ಮಾರುಕಟ್ಟೆಯಲ್ಲಿ ಕಾದು, ಮಳೆ ನೋಡಿ ಬಿತ್ತಿ, ಅಂಗಮಾರಿ ರೋಗ ತಗಲದಂತೆ ಔಷಧಿ ಹೊಡೆದು, ಕಿತ್ತು ಮಾರುವವರೆಗೆ ಭಾವ ಮನೆ ಬಿಟ್ಟು ಕದಲುವುದಿಲ್ಲ. ಕಟಾವು ಮುಗಿಸಿ ಸೆಪ್ಟೆಂಬರ್‌ನಲ್ಲಿ ಹೊರಡುವುದೆಂದು ತೀರ್ಮಾನವಾಯಿತು. ಒಣಹವೆಯ ಕೊನೆಯ ತಿಂಗಳು. ಸಂಜೆ ಮೋಡ ಕಟ್ಟಬಹುದು, ಆದರೆ ಜುಲೈನ ಜನಜಂಗುಳಿ ಇರುವುದಿಲ್ಲ.

ಕಾಗದಪತ್ರದ ಮಾತನ್ನು ಬೇಗ ಮುಗಿಸುತ್ತೇನೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಶೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವಂತೆ ಇದ್ದರೆ ಭಾರತೀಯ ಪ್ರವಾಸಿಗರಿಗೆ ಪೆರುವಿನ ವೀಸಾ ಬೇಕಿಲ್ಲ. ನನಗೆ ಅದು ಒದಗಿತು. ಭಾವನವರು ದೆಹಲಿಯ ರಾಯಭಾರ ಕಚೇರಿಯ ಮೂಲಕವೇ ಪಡೆಯಬೇಕಾಯಿತು. ಎಲ್ಲರೂ ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಪೆರು ಕೇಳದಿದ್ದರೂ ವಾಪಸು ಬರುವಾಗ ನಮ್ಮ ದೇಶವೇ ಕೇಳುತ್ತದೆ. ಪ್ರಮಾಣಪತ್ರವಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. ಆಮೇಲೆ ಜೀವಮಾನಪೂರ್ತಿ ಸಾಕು. ಭಾರತದಿಂದ ಲಿಮಾಕ್ಕೆ ನೇರ ವಿಮಾನವಿಲ್ಲ. ನಾವು ಆಂಸ್ಟರ್‌ಡ್ಯಾಂ ಮೂಲಕ ಹೋದೆವು. ಆ ಪ್ರಯಾಣದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಉದ್ದ ಎನ್ನುವುದನ್ನು ಬಿಟ್ಟರೆ.

ಲಿಮಾ ಮರುಭೂಮಿಯ ಊರು. ಮಳೆ ಬೀಳುವುದೇ ಇಲ್ಲ ಎನ್ನಬಹುದು, ಆದರೆ ಚಳಿಗಾಲದುದ್ದಕ್ಕೂ ಬೂದು ಮಂಜು ಕವಿದಿರುತ್ತದೆ. ಅಲ್ಲಿಂದ ಎಲ್ಲರೂ ಕುಸ್ಕೋಗೆ ಹಾರುವಾಗ ನಾವು ಉತ್ತರಕ್ಕೆ ಹುವಾರಾಸ್‌ನ ಬಸ್ ಹತ್ತಿದೆವು. ಸುಮಾರು 400 ಕಿಲೋಮೀಟರ್, ಎಂಟು ಗಂಟೆ. ಹುವಾರಾಸ್ ಮೂರು ಸಾವಿರ ಮೀಟರ್‌ಗೆ ಸ್ವಲ್ಪ ಮೇಲಿದೆ, ಕುಸ್ಕೋಗಿಂತ ತಗ್ಗು. ಅಲ್ಲಿ ಹೊಂದಿಕೊಂಡು, ಅಲ್ಲಿಯೇ ದೊಡ್ಡ ಚಾರಣ ಮುಗಿಸಿ, ಎತ್ತರಕ್ಕೆ ಒಗ್ಗಿದ ಮೈಯೊಂದಿಗೆ ಕುಸ್ಕೋಗೆ ಹೋಗುವುದು ನಮ್ಮ ಯೋಜನೆಯ ತಿರುಳು. ಪೆರುವಿಗೆ ಹೋಗುವ ಬೆಟ್ಟಪ್ರಿಯರಿಗೆ ನಾನು ಹೇಳುವುದೂ ಇದನ್ನೇ: ಮಾಚು ಪಿಚುವಿಗೆ ಒಂದು ದಿನ ಕೊಡಿ, ಉಳಿದದ್ದನ್ನು ಕೊರ್ದಿಯೇರಾ ಬ್ಲಾಂಕಾಕ್ಕೆ ಕೊಡಿ.

ಸ್ಪ್ಯಾನಿಷ್ ಹೆಸರೇ ಹೇಳುವಂತೆ ಇದು ಬಿಳಿಯ ಪರ್ವತಸಾಲು. ಹುವಾರಾಸ್‌ನ ಯಾವ ಬೀದಿಯಲ್ಲಿ ನಿಂತು ಕತ್ತೆತ್ತಿದರೂ ಹಿಮ ಕಾಣುತ್ತದೆ. ಪೆರುವಿನ ಅತಿ ಎತ್ತರದ ಹುವಾಸ್ಕರಾನ್ (6,768 ಮೀಟರ್) ಇಲ್ಲಿಯದೇ. ಎದುರು ದಿಕ್ಕಿನಲ್ಲಿ ಹಿಮವಿಲ್ಲದ ಕಪ್ಪು ಸಾಲು, ಕೊರ್ದಿಯೇರಾ ನೇಗ್ರಾ. ಅಭ್ಯಾಸಕ್ಕೆಂದು ಕಪ್ಪು ಸಾಲಿನ ವಿಲ್ಕಾಕೋಚಾ ಎಂಬ ಚಿಕ್ಕ ಕೆರೆಗೆ ಹತ್ತಿದೆವು, ಸುಮಾರು 3,700 ಮೀಟರ್. ಮೇಲಿಂದ ಎದುರಿನ ಬಿಳಿ ಸಾಲು ಪೂರ್ತಿಯಾಗಿ ಕಾಣುತ್ತದೆ. ಭಾವ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ತಲೆ ಭಾರ ಅನ್ನಿಸುತ್ತಿದೆ. ಇದು ಬೆಟ್ಟ ನೋಡಿದ್ದಕ್ಕೋ ಎತ್ತರಕ್ಕೋ?" ಎಂದರು. ಎತ್ತರಕ್ಕೇ. ಹೋಟೆಲಿನಲ್ಲಿ ಕೋಕಾ ಎಲೆಯ ಕಷಾಯ ಕೊಟ್ಟರು. ಕಹಿ ಕಡಿಮೆ, ಹಸಿ ಸೊಪ್ಪಿನ ವಾಸನೆ. ಇಷ್ಟವಾದರೆ ಅಲ್ಲೇ ಕುಡಿಯಿರಿ, ಎಲೆಯನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಅದು ಮಾದಕವಸ್ತು ಕಾಯ್ದೆಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಈ ಹಿಮವನ್ನು ಬರೀ ಚೆಲುವೆಂದು ನೋಡಲು ಅಲ್ಲಿಯವರಿಗೆ ಸಾಧ್ಯವಿಲ್ಲ. ಹುವಾರಾಸ್‌ನಿಂದ ಕಣಿವೆಯ ಉದ್ದಕ್ಕೆ ಹೋದರೆ ಯುಂಗಾಯ್ ಸಿಗುತ್ತದೆ. 1970ರ ಮೇ 31ರ ಭಾನುವಾರ ಮಧ್ಯಾಹ್ನ ಭೂಕಂಪವಾಗಿ ಹುವಾಸ್ಕರಾನ್‌ನ ಉತ್ತರ ಶಿಖರದ ಹಿಮ, ಬಂಡೆ ಕಳಚಿ ನಿಮಿಷಗಳಲ್ಲಿ ಊರಿನ ಮೇಲೆ ಬಂದಿತು. ಬದುಕಿದವರಲ್ಲಿ ಬಹುಪಾಲು ಎರಡು ಗುಂಪು: ಎತ್ತರದ ದಿಬ್ಬದ ಮೇಲಿದ್ದ ಸ್ಮಶಾನಕ್ಕೆ ಓಡಿದವರು ಮತ್ತು ಊರಾಚೆ ಸರ್ಕಸ್ ನೋಡಲು ಹೋಗಿದ್ದ ಮಕ್ಕಳು. ಹಳೆಯ ಊರನ್ನು ಅಗೆಯಲಿಲ್ಲ, ಅದನ್ನೇ ಸಮಾಧಿಯೆಂದು ಘೋಷಿಸಿದರು. ಈಗ ಅಲ್ಲಿ ಗುಲಾಬಿ ತೋಟ, ಚರ್ಚಿನ ಒಂದಿಷ್ಟು ಗೋಡೆ, ಚೌಕದ ತಾಳೆಮರಗಳ ಬೊಡ್ಡೆ, ಮಡಚಿಹೋದ ಬಸ್ಸೊಂದರ ಅಸ್ಥಿಪಂಜರ ಇವೆ. ದಿಬ್ಬದ ಮೇಲಿನ ಏಸುವಿನ ಪ್ರತಿಮೆ ಪರ್ವತದ ಕಡೆಗೆ ಕೈ ಚಾಚಿ ನಿಂತಿದೆ.

ಹುವಾರಾಸ್‌ನದೂ ಇಂಥದ್ದೇ ಕಥೆ. 1941ರಲ್ಲಿ ಪಾಲ್ಕಕೋಚಾ ಎಂಬ ಹಿಮಸರೋವರ ಒಡೆದು ಊರಿನ ಮೂರನೇ ಒಂದು ಭಾಗ ಕೊಚ್ಚಿಹೋಗಿತ್ತು. ಹಿಮನದಿ ಕರಗುತ್ತಾ ಆ ಸರೋವರ ಮತ್ತೆ ಉಬ್ಬಿದೆ. ಅದರ ಕೆಳಗಿನ ದಾರಿಯಲ್ಲಿ ಮನೆಯಿರುವ ಸಾಉಲ್ ಲುಸಿಯಾನೋ ಯೂಯಾ ಎಂಬ ರೈತ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಮೇಲೆ 2015ರಲ್ಲಿ ದಾವೆ ಹೂಡಿದರು: ನಿಮ್ಮ ಹೊಗೆಯಿಂದ ನಮ್ಮ ಹಿಮ ಕರಗುತ್ತಿದೆ, ರಕ್ಷಣೆಯ ಖರ್ಚಿನಲ್ಲಿ ನಿಮ್ಮ ಪಾಲು ಕೊಡಿ. 2025ರ ಮೇ ತಿಂಗಳಲ್ಲಿ ಹಾಮ್ ನಗರದ ನ್ಯಾಯಾಲಯ ಅವರ ಮನೆಗಿರುವ ಅಪಾಯ ಸಾಕಷ್ಟಿಲ್ಲವೆಂದು ದಾವೆ ವಜಾ ಮಾಡಿತು. ಆದರೆ ಇಂಥ ಕಂಪನಿಗಳನ್ನು ತಾತ್ವಿಕವಾಗಿ ಹೊಣೆ ಮಾಡಬಹುದೆಂಬ ಮಾತನ್ನೂ ಬರೆಯಿತು. ಭಾವನವರಿಗೆ ಇಡೀ ಪ್ರವಾಸದಲ್ಲಿ ಯಾವ ಶಿಖರದ ಹೆಸರೂ ನೆನಪಿನಲ್ಲಿ ಉಳಿಯಲಿಲ್ಲ, ಈ ರೈತನದು ಉಳಿಯಿತು.

ನಾವು ಆರಿಸಿದ್ದ ದೊಡ್ಡ ಚಾರಣ ಸಾಂತಾ ಕ್ರೂಸ್ ಸುಮಾರು 50 ಕಿಲೋಮೀಟರ್‌ನದು, ಸಾಮಾನ್ಯವಾಗಿ ನಾಲ್ಕು ಹಗಲು ಮೂರು ರಾತ್ರಿಯಲ್ಲಿ ಮುಗಿಸುತ್ತಾರೆ. ಎರಡು ತುದಿಗಳಲ್ಲಿ ಯಾವ ಕಡೆಯಿಂದಲೂ ನಡೆಯಬಹುದು. ವಾಕೇರಿಯಾ ಕಡೆಯಿಂದ ಹೊರಟರೆ ಹತ್ತುವುದು ಕಡಿಮೆ ಎಂದು ಹಲವು ತಂಡಗಳು ಅಲ್ಲಿಂದಲೇ ಹೊರಡುತ್ತವೆ. ನಾವು ಎತ್ತರದ ಪಟ್ಟಿ ನೋಡಿ ತಗ್ಗಿನ ಕಾಶಾಪಾಂಪಾವನ್ನು ಆರಿಸಿದೆವು: 2,900ರಿಂದ ಹೊರಟು 3,760ರಲ್ಲಿ ಮಲಗುವುದು, ಆಮೇಲೆ ಸುಮಾರು 4,200, ಆಮೇಲಷ್ಟೇ 4,750 ಮೀಟರ್‌ನ ಪುಂತಾ ಯೂನಿಯನ್. ಮೈಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಟೆಂಟು, ಅಡುಗೆ ಸಾಮಾನು ಕತ್ತೆಗಳ ಮೇಲೆ. ಕತ್ತೆಗಳನ್ನು ನಡೆಸುವ ಅರ್ರಿಯೇರೋ ನಮಗಿಂತ ತಡವಾಗಿ ಹೊರಟು ನಮಗಿಂತ ಮೊದಲೇ ತಲುಪಿ ನೀರು ಕಾಯಿಸಿರುತ್ತಿದ್ದ.

ಮೊದಲ ದಿನದ ಏರು ಬಿಸಿಲಿನದು, ಬೇಸರದ್ದು. ಎರಡನೇ ದಿನ ಕಣಿವೆ ಅಗಲವಾಗಿ, ಹಸುಗಳು ಮೇಯುವ ಬಯಲು, ಕೆರೆ, ಎರಡೂ ಬದಿಗೆ ಬಂಡೆಯ ಗೋಡೆ. ನಡುವೆ ಒಂದು ಕಡೆ ಹುಲ್ಲೇ ಇಲ್ಲ, ಬರೀ ಮರಳು, ಸತ್ತ ಮರಗಳು; 2012ರ ಫೆಬ್ರುವರಿಯಲ್ಲಿ ಮೇಲಿನ ಹಿಮಸರೋವರವೊಂದು ಉಕ್ಕಿ ಹರಿದ ಗುರುತು. ಕೆಂಪು ತೊಗಟೆ ಕಾಗದದಂತೆ ಸುಲಿದು ಬರುವ ಕೆನುವಾಲ್ ಮರಗಳು ಈ ಎತ್ತರದಲ್ಲೂ ಬೆಳೆಯುತ್ತವೆ. ರಾತ್ರಿ ಬಾಟಲಿಯ ನೀರು ಗಡ್ಡೆ ಕಟ್ಟಿತು. ಆದರೂ ನಾನು ಹೊರಗೆ ಬಂದು ಆಕಾಶ ನೋಡಿದೆ. ಇಲ್ಲಿಯವರು ನಕ್ಷತ್ರಗಳನ್ನು ಕೂಡಿಸಿ ಆಕಾರ ಕಾಣುವಂತೆಯೇ ಆಕಾಶಗಂಗೆಯ ಕಪ್ಪು ತೇಪೆಗಳಲ್ಲೂ ಕಾಣುತ್ತಾರೆ. ಅವುಗಳಲ್ಲಿ ಒಂದು ಮರಿಯೊಂದಿಗಿನ ಲಾಮಾ. ಹುಡುಕಿದರೆ ಕಾಣುತ್ತದೆ, ಕುತ್ತಿಗೆ ಉದ್ದ.

ಪುಂತಾ ಯೂನಿಯನ್ ಎಂದರೆ ಬಂಡೆಯ ಗೋಡೆಯಲ್ಲಿ ಕೊಡಲಿಯಿಂದ ಕಡಿದಂಥ ಕಿರಿದಾದ ಕಚ್ಚು. ಅಲ್ಲಿಗೆ ಹತ್ತುವಾಗ ಇಪ್ಪತ್ತು ಹೆಜ್ಜೆ, ನಿಲ್ಲು. ಮತ್ತೆ ಇಪ್ಪತ್ತು ಹೆಜ್ಜೆ. ಕೆಳಗೆ ಹಸಿರುನೀಲಿ ಕೆರೆ, ಪಕ್ಕದಲ್ಲೇ ತಾಉಯಿರಾಹು ಶಿಖರದ ಹಿಮದ ಗೋಡೆ. ಆಗಾಗ ಹಿಮ ಕಳಚಿ ಬೀಳುವ ಸದ್ದು ಕೇಳುತ್ತದೆ. ಬಿದ್ದದ್ದು ಎಲ್ಲಿ ಎಂದು ತಿರುಗುವಷ್ಟರಲ್ಲಿ ಮುಗಿದಿರುತ್ತದೆ. ಭಾವ ಕಚ್ಚಿನಲ್ಲಿ ಕುಳಿತು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, "ಇನ್ನು ಇಳಿಯುವುದೇ ತಾನೇ? ಹೊಲ ಯಾವ ಕಡೆ?" ಎಂದರು.

ಹೊಲ ಆ ಕಡೆಯೇ ಇತ್ತು. ಹುವಾರಿಪಾಂಪಾ ಕಣಿವೆಗೆ ಇಳಿದಂತೆ ಮಣ್ಣಿನ ಗೋಡೆಯ ಮನೆಗಳು, ಅಂಗಳದಲ್ಲಿ ಕುಯ್ ಎಂಬ ಗಿನಿಯಿಲಿಗಳು, ಕಡಿದಾದ ಇಳಿಜಾರಿನಲ್ಲಿ ಉತ್ತ ನೆಲ. ಆ ಗಿನಿಯಿಲಿ ಇಲ್ಲಿ ಹಬ್ಬದ ಊಟ. ಭಾವ ಮಾಂಸ ತಿನ್ನುವವರೇ, ಆದರೆ ತಲೆ ಸಮೇತ ತಟ್ಟೆಯಲ್ಲಿ ಮಲಗಿದ್ದನ್ನು ನೋಡಿ ಸೊಪ್ಪಿನ ಸಾರಿದೆಯೇ ಎಂದು ಕೇಳಿದರು. ಶಾಕಾಹಾರಿಯಾದ ನನಗೆ ಜೋಳ, ಚೀಸ್, ಬೆಣ್ಣೆಹಣ್ಣು, ಕಿನುವಾ ಸಾಕಾದವು. ಮಾಂಸ ಬೇಡವೆಂದಷ್ಟೇ ಹೇಳಿದರೆ ಕೋಳಿ ಬರುತ್ತದೆ. ಕೋಳಿ ಬೇಡ, ಮೀನು ಬೇಡ ಎಂದು ಬಿಡಿಸಿ ಹೇಳಬೇಕು.

ಕುಸ್ಕೋದಲ್ಲಿ ಇಳಿದಾಗ ಇಬ್ಬರಿಗೂ ತಲೆನೋವಿರಲಿಲ್ಲ. ಇಂಕಾ ಗೋಡೆಗಳ ಮೇಲೆ ಸ್ಪ್ಯಾನಿಷ್ ಚರ್ಚುಗಳು ಕುಳಿತ ಆ ನಗರದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಹೇಳಬೇಕಿರುವುದು ಅದರ ಬಳಿಯ ಪಿಸಾಕ್ ಊರಿನ ಮೇಲಿನ ಆಲೂಗಡ್ಡೆ ಉದ್ಯಾನದ ಬಗ್ಗೆ. ಆಂಡಿಸ್‌ನ ಮೂಲನಿವಾಸಿಗಳಾದ ಕೆಚುವಾ ಜನರ ಹಳ್ಳಿಗಳು ಸೇರಿಕೊಂಡು ತಮ್ಮ ಜಮೀನಿನಲ್ಲೇ ನೂರಾರು ತಳಿಗಳನ್ನು ಉಳಿಸಿಕೊಂಡಿವೆ. ಇಲ್ಲಿಂದ ಹಿಂದೆ ಸಂಗ್ರಹವಾಗಿದ್ದ ಎಷ್ಟೋ ತಳಿಗಳನ್ನು ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 2004ರ ಒಪ್ಪಂದದ ಪ್ರಕಾರ ಮರಳಿಸಿತು. ಕಪ್ಪು, ನೇರಳೆ, ಕೆಂಪು ಉಂಗುರದವು, ಬೆರಳಿನಂತೆ ಸೊಟ್ಟಗಿರುವವು, ಅನಾನಸಿನಂತೆ ಗಂಟುಗಂಟಾದವು ಕಂಬಳಿಯ ಮೇಲೆ ಹರಡಿದ್ದವು. ಕುಫ್ರಿ ಜ್ಯೋತಿ ಎಂಬ ತಳಿಯೊಂದನ್ನೇ ಬೆಳೆಯುತ್ತಾ ಬಂದ ಭಾವ ಒಂದೊಂದನ್ನೇ ಎತ್ತಿ ಕಣ್ಣುಗಳನ್ನು ಎಣಿಸುತ್ತಾ ಕುಳಿತರು.

ಹಾಸನದಲ್ಲಿ ಕಟಾವು ಮುಗಿದಿತ್ತು, ಇಲ್ಲಿ ಬಿತ್ತನೆಯ ಸಮಯ. ಇಬ್ಬರು ಗಂಡಸರು ಕಾಲಿನಿಂದ ತುಳಿಯುವ ಚಾಕಿತಾಕ್ಯಾ ಎಂಬ ನೇಗಿಲನ್ನು ಒಟ್ಟಿಗೆ ನೆಲಕ್ಕೆ ಒತ್ತಿ ಹೆಂಟೆ ಎಬ್ಬಿಸುತ್ತಾರೆ, ಎದುರಿಗೆ ಕುಳಿತ ಹೆಂಗಸು ಅದನ್ನು ಕೈಯಿಂದ ಮಗುಚುತ್ತಾಳೆ. ಎತ್ತು ನಿಲ್ಲಲಾರದ ಇಳಿಜಾರಿಗೆ ಇದೇ ಸರಿ. ಮೊದಲು ಕೆಳಗೆ ಬೆಳೆಯುತ್ತಿದ್ದ ತಳಿಗಳನ್ನು ಈಗ ಮೇಲೆ ಮೇಲೆ ಹಾಕುತ್ತಿದ್ದೇವೆ, ಸೆಖೆ ಹೆಚ್ಚಿದಂತೆ ರೋಗವೂ ಹತ್ತಿ ಬರುತ್ತಿದೆ ಎಂದು ಅವರು ವಿವರಿಸಿದರು. ದುಭಾಷಿ ಅದನ್ನು ಹೇಳಿ ಮುಗಿಸುವ ಮೊದಲೇ ಭಾವ ಎಲೆಯ ಮೇಲಿನ ಕಪ್ಪು ಮಚ್ಚೆಯನ್ನು ಬೆರಳಿನಿಂದ ತೋರಿಸಿ ತಲೆಯಾಡಿಸಿದರು. "ಇವರಿಗೆ ಹತ್ತಲು ಇನ್ನೂ ಬೆಟ್ಟವಿದೆ. ನಾವು ಎಲ್ಲಿಗೆ ಹತ್ತುವುದು?" ಎಂದು ನನ್ನ ಕಡೆ ತಿರುಗಿದರು. ಬೀಜದ ಗಡ್ಡೆ ತರುವ ಆಸೆ ಅವರಿಗಿತ್ತು. ಸಸ್ಯ ನಿರ್ಬಂಧ ನಿಯಮಗಳನ್ನು ಹೇಳಿ ಬಿಡಿಸಬೇಕಾಯಿತು.

ಮಾಚು ಪಿಚುವಿಗೆ ಒಯಾಂತಾಯ್‌ತಾಂಬೋದಿಂದ ರೈಲಿನಲ್ಲಿ ಹೋದೆವು. ಇಂಕಾ ಹಾದಿಗೆ ದಿನಕ್ಕೆ 500 ಜನರ ಮಿತಿ, ಅದರಲ್ಲಿ ಮಾರ್ಗದರ್ಶಿಗಳು, ಹೊರೆ ಹೊರುವವರು ಸೇರಿದ್ದಾರೆ. ತಿಂಗಳುಗಟ್ಟಲೆ ಮೊದಲೇ ಅನುಮತಿ ತುಂಬಿಹೋಗುತ್ತದೆ. ಕೋಟೆಯ ಟಿಕೆಟ್‌ನಲ್ಲೂ ಈಗ ಯಾವ ಸುತ್ತು, ಯಾವ ಗಂಟೆ ಎಂದು ಮೊದಲೇ ಆರಿಸಬೇಕು. ಚಿತ್ರಗಳಲ್ಲಿ ಕಾಣುವ ನೋಟ ಬೇಕಿದ್ದರೆ ಮೇಲಿನ ಅಟ್ಟಣೆಗಳಿಗೆ ಹೋಗುವ ಸುತ್ತನ್ನೇ ಕೇಳಿ. ಸ್ಥಳೀಯ ಮುಷ್ಕರಗಳಿಂದ ರೈಲು ನಿಲ್ಲುವುದೂ ಉಂಟು, ಆದ್ದರಿಂದ ಹಿಂದೆ ಮುಂದೆ ಖಾಲಿ ದಿನ ಇಟ್ಟುಕೊಂಡಿದ್ದೆವು. ನಿಜ ಹೇಳಬೇಕೆಂದರೆ, ಸಾಲಿನಲ್ಲಿ ನಡೆದು ನೋಡುವ ಆ ಜಾಗದಲ್ಲಿ ನನಗೆ ಕಣಿವೆಯ ಆಳ ಇಷ್ಟವಾಯಿತು, ಗುಂಪು ಇಷ್ಟವಾಗಲಿಲ್ಲ. ಭಾವ ಮಾತ್ರ ಮೆಟ್ಟಿಲು ಹೊಲಗಳನ್ನು ಬಿಟ್ಟು ಬರಲೊಲ್ಲರು. ಕೆಳಗೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಮರಳು, ಕೊನೆಗೆ ಮಣ್ಣು. ಮಲೆನಾಡಿನಂತೆ ಮಳೆ ಸುರಿಯುವ ಜಾಗದಲ್ಲಿ ಐದು ಶತಮಾನಗಳಿಂದ ಗುಡ್ಡ ಜಾರದಿರುವುದಕ್ಕೆ ಆ ಬಸಿಯುವಿಕೆಯೇ ಕಾರಣ ಎಂದು ಮಾರ್ಗದರ್ಶಿ ಹೇಳಿದಾಗ, ಘಟ್ಟದ ರಸ್ತೆ ಕಡಿಯುವ ನಮ್ಮ ಎಂಜಿನಿಯರುಗಳನ್ನು ಒಮ್ಮೆ ಇಲ್ಲಿಗೆ ಕಳಿಸಬೇಕೆಂದರು.

ಹಿಂದಿರುಗುವ ವಿಮಾನದಲ್ಲಿ ಭಾವ ನನ್ನ ಎತ್ತರದ ಪಟ್ಟಿಯನ್ನು ಕೇಳಿ ಪಡೆದು ಹಿಂಬದಿಯಲ್ಲಿ ಬರೆಯತೊಡಗಿದರು. ಅಪುರಿಮಾಕ್ ನದಿಯ ಮೇಲೆ ಕೇಸ್ವಾಚಾಕಾ ಎಂಬ ಹುಲ್ಲಿನ ಹಗ್ಗದ ಸೇತುವೆಯಿದೆ. ನಾಲ್ಕು ಹಳ್ಳಿಗಳವರು ಸೇರಿ ಪ್ರತಿ ಜೂನ್‌ನಲ್ಲಿ ಹಳೆಯದನ್ನು ಕಡಿದು ಹೊಸದಾಗಿ ನೇಯುತ್ತಾರೆ. ಅದನ್ನು ನೋಡಬೇಕಂತೆ. ಬಿತ್ತನೆಯ ಹೊತ್ತಲ್ಲವೇ ಎಂದು ಕೇಳಿದೆ. "ಜಲಂಧರಿನ ಗಡ್ಡೆ ಮೇ ಮೊದಲ ವಾರಕ್ಕೇ ಸಿಕ್ಕಿಬಿಟ್ಟರೆ ಆಗುತ್ತದೆ. ನಿನ್ನ ಅಕ್ಕ ಔಷಧಿ ಹೊಡೆಸುತ್ತಾಳೆ. ಅವಳನ್ನು ಒಪ್ಪಿಸುವುದು ನಿನ್ನ ಕೆಲಸ" ಎಂದರು.