ಜಗಲಿಗೆ ಬಂದ ಲಂಡನ್ನಿನ ಬಾನುಲಿ

ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯಲ್ಲಿ ರೇಡಿಯೊ ಎಂದರೆ ಭದ್ರಾವತಿ ಆಕಾಶವಾಣಿ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅದೇ ನಮಗೆ ಜೊತೆಯಾಗಿತ್ತು. ಈಗ ಅದೇ ಜಗಲಿಯಲ್ಲಿ ಕುಳಿತು ಲಂಡನ್ನಿನ ರೆಸೊನೆನ್ಸ್ ಎಫ್‌ಎಂನ ಪಾಡ್‌ಕಾಸ್ಟ್‌ಗಳನ್ನು ಕೇಳುತ್ತೇನೆ. ಮಳೆಗಾಲದಲ್ಲಿ ನೆಟ್‌ವರ್ಕ್ ನಿಲ್ಲದ ಕಾರಣ, ಪೇಟೆಗೆ ಹೋದಾಗಲೇ ಅವನ್ನು ಫೋನಿಗೆ ಇಳಿಸಿಕೊಂಡು ಬರುವುದು ರೂಢಿಯಾಗಿದೆ.

ಲಂಡನ್ ಮ್ಯೂಸಿಷಿಯನ್ಸ್ ಕಲೆಕ್ಟಿವ್ ಎಂಬ ಸಂಗೀತಗಾರರ ಕೂಟವು 2002ರಲ್ಲಿ 104.4 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಆರಂಭಿಸಿದ ಈ ಕಲಾ ಬಾನುಲಿಯಲ್ಲಿ ಪ್ರಯೋಗಶೀಲ ಸಂಗೀತ, ಕಾವ್ಯ, ಹರಟೆ, ಬೀದಿಯ ಸದ್ದುಗಳ ಧ್ವನಿಮುದ್ರಣ ಎಲ್ಲವೂ ಒಂದರ ಪಕ್ಕದಲ್ಲೊಂದು ಸಹಜವಾಗಿ ಕೂಡುತ್ತವೆ. ಕೇಳುಗನನ್ನು ಹಿಡಿದಿಡುವ ಆತುರ ಅಲ್ಲಿಲ್ಲ. ದೀರ್ಘ ಮೌನಕ್ಕೂ, ಅರ್ಥಕ್ಕೆ ದಕ್ಕದ ಶಬ್ದಕ್ಕೂ ಅಲ್ಲಿ ಜಾಗವಿದೆ. ನನಗೆ ಅತ್ಯಂತ ಪ್ರಿಯವಾದುದು ಈ ಔದಾರ್ಯವೇ.

ನಮ್ಮ ದೇಶದಲ್ಲಿ 2006ರ ನೀತಿಯು ಲಾಭರಹಿತ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ನೀಡಿತು. ಮಂಗಳೂರಿನ ಸಾರಂಗ್, ಮಣಿಪಾಲದ ಬಾನುಲಿ ಕೇಂದ್ರಗಳು ನಮಗೆ ದೂರವೇನಲ್ಲ. ದೀಪಾವಳಿಯ ಅಂಟಿಗೆ ಪಂಟಿಗೆ ಪದಗಳು, ಯಕ್ಷಗಾನದ ಚಂಡೆ, ಮುಸ್ಸಂಜೆಯ ಜೀರುಂಡೆಗಳ ಮೊರೆತ ಇವುಗಳಿಗಾಗಿಯೇ ಮಲೆನಾಡಿನಲ್ಲೂ ಅಂಥದೊಂದು ಕಲಾ ಬಾನುಲಿ ಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಅದಕ್ಕೆಂದೇ ಈ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ನಮ್ಮ ಅಂಗಳಕ್ಕೆ ಬಂದಾಗ, ಅವರ ಒಪ್ಪಿಗೆ ಪಡೆದು ಪದಗಳನ್ನು ಧ್ವನಿಮುದ್ರಿಸಿಕೊಳ್ಳಲಿದ್ದೇನೆ.