ಯಾವ ದೇವರು ಯಾವುದಕ್ಕೆ? ಅಥೆನ್ಸ್‌ನಿಂದ ಒಂದು ಉತ್ತರ

ಊರಿಂದ ಅಥೆನ್ಸ್‌ಗೆ ಬಂದವರೆಲ್ಲ ನನ್ನನ್ನು ಕೇಳೋದು ಒಂದೇ: "ಇವರಲ್ಲಿ ಯಾವ ದೇವರು ಯಾವುದಕ್ಕೆ?" ಶಾಲೆಯಲ್ಲಿ ಓದಿದ ಪಟ್ಟಿ ತಲೆಯಲ್ಲಿ ಇದ್ದೇ ಇರುತ್ತದೆ. ಝ್ಯೂಸ್ ಸಿಡಿಲಿಗೆ, ಪೊಸೈಡನ್ ಕಡಲಿಗೆ, ಅಥೀನಾ ಬುದ್ಧಿಗೆ. ತಪ್ಪೇನಲ್ಲ. ಆದರೆ ಹಳೆಯ ಗ್ರೀಕರು ಹರಕೆ ಹೊರುವಾಗ ಆ ಪಟ್ಟಿ ಅಷ್ಟಾಗಿ ಕೆಲಸಕ್ಕೆ ಬರುತ್ತಿರಲಿಲ್ಲ.

ಝ್ಯೂಸನನ್ನೇ ತಗೊಳ್ಳಿ. ಮಳೆ, ಸಿಡಿಲು ಅವನದೇ, ನಿಜ. ಆದರೆ ಮನೆಯಂಗಳ ಕಾಯುವವನು ಝ್ಯೂಸ್ ಹೆರ್ಕೀಯೋಸ್. ಉಗ್ರಾಣದಲ್ಲಿ ಒಂದು ಮಡಕೆಯ ರೂಪದಲ್ಲಿ ಕೂತು ದವಸ ಕಾಯುವವನು ಝ್ಯೂಸ್ ಕ್ಟೇಸಿಯೋಸ್. ಮನೆಗೆ ಬಂದ ಪರದೇಶಿಯನ್ನು ಓಡಿಸಿದರೆ ಸಿಟ್ಟಾಗುವವನು ಝ್ಯೂಸ್ ಕ್ಸೇನಿಯೋಸ್. ಪರವೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇವನೇ ಜಾಸ್ತಿ ಹತ್ತಿರದವನು! ನಮ್ಮ ಶಿವ ಹಂಪಿಯಲ್ಲಿ ವಿರೂಪಾಕ್ಷ, ನಂಜನಗೂಡಿನಲ್ಲಿ ನಂಜುಂಡೇಶ್ವರ ಆಗಿ ಬೇರೆ ಬೇರೆ ಕಷ್ಟ ಕೇಳಿಸಿಕೊಳ್ಳುತ್ತಾನಲ್ವಾ, ಹಾಗೆ.

ಪೊಸೈಡನ್ ಕಡಲಿಗಷ್ಟೇ ಅಲ್ಲ, ಕುದುರೆಗೂ ಭೂಕಂಪಕ್ಕೂ ಅವನೇ. ಇಲ್ಲಿ ಆಗಾಗ ನೆಲ ನಡುಗುತ್ತದೆ. 1999ರ ಸೆಪ್ಟೆಂಬರಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಹಿಂದಿನವರಿಗೆ ನೆಲ ನಡುಗಿಸುವವನೂ ಇವನೇ, ಅಲುಗದಂತೆ ಹಿಡಿಯುವವನೂ ಇವನೇ. ಊರ ನಡುವಿನ ಗುಡ್ಡ ಅಕ್ರೊಪೊಲಿಸ್ ಮೇಲಿನ ಎರೆಖ್ಥಿಯೋನ್ ಗುಡಿಯ ಉತ್ತರ ಮಂಟಪದಲ್ಲಿ ನೆಲದ ಕಲ್ಲು ಹಾಸದೆ ಒಂದು ಕಿಂಡಿ ಬಿಟ್ಟಿದ್ದಾರೆ. ಕೆಳಗಿನ ಬಂಡೆಯಲ್ಲಿ ಗುಳಿಗಳಿವೆ. ಪೊಸೈಡನ್ ತ್ರಿಶೂಲ ಕುಟ್ಟಿದ್ದು ಅಲ್ಲೇ ಅಂತ ನಂಬಿಕೆ. ನೇರ ಮೇಲೆ ಚಾವಣಿಯಲ್ಲೂ ಕಿಂಡಿ ಇದೆ. ದೇವರ ತ್ರಿಶೂಲ ಬಂದ ದಾರಿ ಮುಚ್ಚಬಾರದಲ್ಲ!

ಅಥೀನಾಳ 'ಬುದ್ಧಿ' ಪುಸ್ತಕದ್ದಲ್ಲ, ಕೈಕೆಲಸದ್ದು. ನೇಯ್ಗೆಯವರು, ಕುಂಬಾರರು ಅವಳ ಕಡೆಯವರು. ಪನಾಥೆನಾಯ ಹಬ್ಬದಲ್ಲಿ ಊರವರು ಅವಳಿಗೆ ಕೊಡುತ್ತಿದ್ದದ್ದು ಹೊಸದಾಗಿ ನೇಯ್ದ ಬಟ್ಟೆ. ಹಳೆಯ ಊರಿನ ಸಂತೆ, ಸಭೆ ನಡೆಯುತ್ತಿದ್ದ ಬಯಲು ಅಗೋರಾದ ಪಕ್ಕದ ದಿಬ್ಬದಲ್ಲಿ ಕಮ್ಮಾರರ ದೇವರು, ಕುಂಟ ಹೆಫೈಸ್ಟಸ್‌ನ ಗುಡಿ ಇದೆ. ಅದರೊಳಗೆ ಇಬ್ಬರಿಗೂ ಪೂಜೆ. ಸುತ್ತಮುತ್ತ ಕಂಚಿನ ಕೆಲಸದ ಕಾರ್ಖಾನೆಗಳಿದ್ದವು. ಅಥೆನ್ಸ್‌ನಲ್ಲಿ ಒಂದೇ ಗುಡಿ ನೋಡಲು ಸಮಯವಿದ್ದರೆ ನಾನು ಜನರನ್ನು ಕಳಿಸೋದು ಇಲ್ಲಿಗೇ, ಅಕ್ರೊಪೊಲಿಸ್ ಮೇಲಿನ ಅಥೀನಾಳ ದೊಡ್ಡ ಗುಡಿ ಪಾರ್ಥೆನಾನ್‌ಗಲ್ಲ. ಕಂಬ, ಗೋಡೆ ಎಲ್ಲ ಇನ್ನೂ ನಿಂತಿವೆ. ಸುಮಾರು ಸಾವಿರ ವರ್ಷ ಚರ್ಚ್ ಆಗಿದ್ದರಿಂದ ಉಳಿಯಿತು.

ದೊಡ್ಡ ದೇವರು ಹನ್ನೆರಡು ಅಂತಾರೆ, ಆದರೆ ಆ ಹನ್ನೆರಡು ಯಾರು ಅನ್ನೋದು ಎಲ್ಲ ಕಡೆ ಒಂದೇ ಅಲ್ಲ. ಪಾರ್ಥೆನಾನ್‌ನ ಕೆತ್ತನೆಯಲ್ಲಿ ದ್ರಾಕ್ಷಾರಸದ ಡಯೋನಿಸಸ್ ಇದ್ದಾನೆ, ಒಲೆಯ ದೇವತೆ ಹೆಸ್ಟಿಯಾ ಇಲ್ಲ. ಆದರೂ ಮನೆಯಲ್ಲಿ ಮೊದಲ ಪಾಲು ಹೆಸ್ಟಿಯಾಗೇ. ಹುಟ್ಟಿದ ಮಗುವನ್ನು ಎತ್ತಿಕೊಂಡು ಸುತ್ತುತ್ತಿದ್ದದ್ದೂ ಒಲೆಯನ್ನೇ. ಈ ಹನ್ನೆರಡು ದೇವರ ಬಲಿಪೀಠ ಅಗೋರಾದಲ್ಲಿತ್ತು. ಊರೂರಿಗೆ ದೂರ ಅಳೆಯುತ್ತಿದ್ದದ್ದು ಅಲ್ಲಿಂದಲೇ. ಈಗ ಅದರ ಮೇಲೆ ಪಿರೇಯಸ್ ಬಂದರಿನ ರೈಲು ಓಡುತ್ತದೆ. ಒಂದು ಮೂಲೆ ಮಾತ್ರ ಹಳಿಯ ಪಕ್ಕ ಕಾಣುತ್ತದೆ.

ಇಷ್ಟಾದರೂ ಪಟ್ಟಿಯೇ ಬೇಕು ಅನ್ನುವವರನ್ನು ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ ಕರೆದೊಯ್ಯುತ್ತೇನೆ. ಅರ್ಟೆಮಿಸಿಯೋನ್ ಬಳಿ ಕಡಲಿನಿಂದ ಮೇಲೆತ್ತಿದ, ಎರಡು ಮೀಟರಿಗಿಂತ ಎತ್ತರದ ಕಂಚಿನ ದೇವರು ಅಲ್ಲಿದ್ದಾನೆ. ಬಲಗೈ ಹಿಂದಕ್ಕೆ ಬೀಸಿದೆ, ಕೈಯಲ್ಲಿದ್ದ ಆಯುಧ ಇಲ್ಲ. ಸಿಡಿಲಾಗಿದ್ದರೆ ಝ್ಯೂಸ್, ತ್ರಿಶೂಲವಾಗಿದ್ದರೆ ಪೊಸೈಡನ್. ತ್ರಿಶೂಲದ ಉದ್ದನೆಯ ಕಾವು ಮುಖಕ್ಕೆ ಅಡ್ಡ ಬರುತ್ತಿತ್ತು, ಹಾಗಾಗಿ ಝ್ಯೂಸ್ ಇರಬೇಕು ಅಂತ ಹೆಚ್ಚಿನ ವಿದ್ವಾಂಸರ ವಾದ. ನನಗೂ ಅದೇ ಸರಿ ಅನಿಸುತ್ತದೆ.